ಸೂಟಿ ದಿನದ ಪುಡಿ

ಮೂವತ್ತಮೂರು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳು ನಾನು. ನಿವೃತ್ತಿ ಎಂದರೆ ನನ್ನ ಮಟ್ಟಿಗೆ ಮೊದಲ ಸಲ ಕೂತದ್ದು. ಈಗ ಅಣ್ಣನ ಮಗಳು ಫಾರ್ಮಸಿ ಡಿಪ್ಲೊಮಾ ಮುಗಿಸಿ ಥಾಣೆಯ ಒಂದು ಅಂಗಡಿಗೆ ಸೇರುತ್ತಿದ್ದಾಳೆ. ಏನಾದರೂ ಟಿಪ್ಸ್ ಕೊಡಿ ಎಂದು ಹಿಂದಿಯಲ್ಲಿ ಕೇಳಿದಳು. ಟಿಪ್ಸ್ ಎಂದರೆ ಡೊಂಬಿವಲಿಯ ನಮ್ಮಪ್ಪನ ಹೋಟೆಲಿನಲ್ಲಿ ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟುಹೋಗುತ್ತಿದ್ದ ಚಿಲ್ಲರೆ ಎಂದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಾನು ಬರೆದದ್ದನ್ನು ಅವಳಪ್ಪ ಓದಿ ಹೇಳಲಿ. ಹಾಗಾದರೂ ಅಪ್ಪ ಮಗಳು ಒಂದು ಗಂಟೆ ಎದುರುಬದುರು ಕೂರುತ್ತಾರೆ.

ನಾನು ದುಡಿದ ಅಂಗಡಿ ಶಹಾಡ್ ಸ್ಟೇಷನ್ನಿನ ಹೊರಗಿತ್ತು. ಬೆಳಿಗ್ಗೆ ಟಿಟ್ವಾಳಾ ಲೋಕಲ್ ಹಿಡಿದರೆ ಡೊಂಬಿವಲಿಯಿಂದ ಮೂರನೆಯ ಸ್ಟೇಷನ್. ಮಾಲೀಕರನ್ನು ಎಲ್ಲರೂ ಸೇಠ್ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ಗಿರಾಕಿ ಕೇಳಿದ್ದನ್ನು ಕೊಡಬೇಕು, ಕೇಳದ್ದನ್ನು ಕಣ್ಣಿಗೆ ಬೀಳುವ ಹಾಗೆ ಇಡಬೇಕು ಎಂಬುದು ಅವರ ಶಾಸ್ತ್ರ. ನಾನು ಸೇರಿದಾಗ ಎದುರಿನ ಸಾಲಿನಲ್ಲಿ ಕೆಂಪು ಟಾನಿಕ್ ಬಾಟಲಿಗಳಿದ್ದವು. ಬಿಡುವಾಗ ಅದೇ ಜಾಗದಲ್ಲಿ ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಮೀನೆಣ್ಣೆ, ಕೂದಲಿಗೊಂದು, ಉಗುರಿಗೊಂದು, ಪ್ರೋಟೀನಿನ ಕೊಡಪಾನದಂಥ ಡಬ್ಬಗಳು. ಡಾಕ್ಟರ ಚೀಟಿಯ ಔಷಧಿಗಳು ಒಳಗಿನ ಕಪಾಟಿನಲ್ಲಿ ಮುಖ ಮುಚ್ಚಿಕೊಂಡಿದ್ದವು. ಚೀಟಿ ಬೇಡದ್ದು ಕೈಗೆಟುಕುವಂತಿತ್ತು. ಚೀಟಿ ಬೇಡ ಎಂದರೆ ಅಪಾಯವೂ ಇಲ್ಲ ಎಂದು ಜನ ತಿಳಿಯುತ್ತಾರೆ. ಮೊದಲ ಕೆಲವು ವರ್ಷ ನಾನೂ ಹೆಚ್ಚುಕಡಿಮೆ ಹಾಗೇ ತಿಳಿದಿದ್ದೆ.

ನನ್ನ ಕಣ್ಣು ತೆರೆಸಿದವಳು ನಮ್ಮ ಕಟ್ಟಡದ ವಸಂತಿ. ಕುಂದಾಪುರದ ಕಡೆಯವಳು, ಥಾಣೆಯಲ್ಲಿ ಕಚೇರಿ ಕೆಲಸ. ಅವಳಿಗೆ ಥೈರಾಯಿಡ್ ಮಾತ್ರೆ ಹಿಡಿಯುತ್ತಲೇ ಇರಲಿಲ್ಲ. ಡಾಕ್ಟರು ಎರಡು ಸಲ ಡೋಸು ಏರಿಸಿದರು. ಅವಳು ದಿನ ತಪ್ಪದೆ ಮಾತ್ರೆ ನುಂಗುತ್ತಿದ್ದಳು, ಆದರೂ ರಿಪೋರ್ಟು ಕೆಟ್ಟದಾಗಿಯೇ ಬರುತ್ತಿತ್ತು. ಬೇರೆ ಔಷಧಿ ಏನಾದರೂ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದಳು. ಒಂದು ಮುಂಜಾನೆ ಸಕ್ಕರೆ ಕೇಳಲು ಅವಳ ಮನೆಗೆ ಹೋದೆ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಚಾದ ಲೋಟ ಇನ್ನೊಂದರಲ್ಲಿ. ಥೈರಾಯಿಡ್ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿ ಚಾ ಕುಡಿದು ಫಾಸ್ಟ್ ಲೋಕಲ್ ಹಿಡಿಯಲು ಓಡಿದಳು. ಥೈರಾಯಿಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಹೋಗಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶ ಅದಾಗಿ ನಾಲ್ಕು ಗಂಟೆಯಾದರೂ ದೂರ ಇರಬೇಕು. ಇಲ್ಲದಿದ್ದರೆ ಅವು ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ನಿಲ್ಲಿಸುತ್ತವೆ. ನಮ್ಮ ಕಡೆ ಎಲ್ಲರ ಮಾತ್ರೆಯ ಹೊತ್ತನ್ನು ಗೊತ್ತುಮಾಡುವುದು ಡಾಕ್ಟರಲ್ಲ, ರೈಲು. ಕಬ್ಬಿಣಾಂಶದ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಮಧ್ಯಾಹ್ನಕ್ಕೆ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಎಂದು ಮಾಡಿದೆವು. ಮುಂದಿನ ರಿಪೋರ್ಟು ನೋಡಿ ಡಾಕ್ಟರು ಡೋಸು ಇಳಿಸಿದರು.

ಯಾಕೆ ಹೇಳಲಿಲ್ಲ ಮಾರಾಯ್ತಿ ಎಂದು ಕೇಳಿದ್ದಕ್ಕೆ ವಸಂತಿ, ಅದು ಔಷಧಿಯಲ್ಲವಲ್ಲ, ಶಕ್ತಿಯದಲ್ವಾ ಎಂದಳು. ಅಂದಿನಿಂದ ನಾನು ಯಾರನ್ನೂ "ಯಾವ ಔಷಧಿ ತೆಗೆದುಕೊಳ್ಳುತ್ತೀರಿ" ಎಂದು ಮಾತ್ರ ಕೇಳಿ ಬಿಡಬಾರದು ಎಂದುಕೊಂಡೆ. ಅನ್ನ ನೀರು ಬಿಟ್ಟು ಬಾಯಿಗೆ ಇನ್ನೇನೇನು ಹೋಗುತ್ತದೆ ಎಂದು ಕೇಳಬೇಕು. ಅಂದುಕೊಂಡದ್ದನ್ನು ದಿನವೂ ಮಾಡಿದೆನೇ ಎಂಬುದು ಬೇರೆ ಮಾತು, ಅದಕ್ಕೇ ಬರುತ್ತಿದ್ದೇನೆ.

ಈ ಪುಡಿ ಮಾತ್ರೆಗಳೆಲ್ಲ ಮೋಸ ಎಂದು ನಾನು ಹೇಳುವವಳಲ್ಲ. ಬಸುರಿಗೆ ಕಬ್ಬಿಣಾಂಶ ಬೇಕು, ಮಾಂಸ ಮೊಟ್ಟೆ ಮುಟ್ಟದವರಲ್ಲಿ ಎಷ್ಟೋ ಜನಕ್ಕೆ ಬಿ ಹನ್ನೆರಡು ಬೇಕು. ಬೇಕಾದವರಿಗೆ ಅದು ಅನ್ನದಷ್ಟೇ ಅಗತ್ಯ. ಬೇಕೋ ಬೇಡವೋ ಎಂದು ಗೊತ್ತುಮಾಡಿಕೊಳ್ಳದೆ ನುಂಗುವುದರ ಮೇಲೆ ನನ್ನ ಸಿಟ್ಟು. ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸದ ಹುಡುಗನೊಬ್ಬ ಜಿಮ್ಮಿನ ಕೋಚ್ ಕೊಟ್ಟ ಡಬ್ಬ ತಂದು ತೋರಿಸಿದ. ತಯಾರಿಸಿದವರ ಹೆಸರಿಲ್ಲ, ಪರವಾನಗಿ ಸಂಖ್ಯೆ ಇಲ್ಲ, ಒಳಗೇನು ಎಷ್ಟಿದೆ ಎಂಬ ಪಟ್ಟಿ ಇಲ್ಲ. ಹುಲಿಯ ಚಿತ್ರ ಮಾತ್ರ ಇತ್ತು. ನ್ಯಾಚುರಲ್ ಆಂಟಿ, ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ, ಗೇರುಬೀಜದ ಸಿಪ್ಪೆಯ ಎಣ್ಣೆಯೂ ನ್ಯಾಚುರಲ್ಲೇ, ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ ಎಂದೆ. ಅವನು ನಕ್ಕು ಹೋದ. ಕೇಳಿದನೋ ಬಿಟ್ಟನೋ ಗೊತ್ತಿಲ್ಲ. ಕೌಂಟರಿನ ಕೆಲಸದಲ್ಲಿ ಅರ್ಧಕ್ಕರ್ಧ ಕತೆಗಳ ಕೊನೆ ನಮಗೆ ತಿಳಿಯುವುದಿಲ್ಲ.

ಕೊನೆ ತಿಳಿದ ಒಂದು ಕತೆ ಇದೆ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ನಮ್ಮ ಗಿರಾಕಿಗಳಲ್ಲಿ ಬಹಳ ಜನ ಕಲಬುರಗಿ, ವಿಜಯಪುರ, ರಾಯಚೂರಿನವರು. ಲೋಡಿಂಗ್, ಕಟ್ಟಡ, ಕಾರ್ಖಾನೆ, ಮನೆಗೆಲಸ. ಮನೆಯಲ್ಲಿ ತುಳು ಮಾತಾಡುವ ನಾನು ಅವರ ಕನ್ನಡವನ್ನು ಕಲಿತದ್ದು ಕೌಂಟರಿನಲ್ಲೇ. ಅವರು ನನ್ನನ್ನು ಅಕ್ಕೋರೆ ಎಂದು ಕರೆಯುತ್ತಿದ್ದರು. ಅಂಗಡಿಯಲ್ಲಿ ಕನ್ನಡದವಳು ಒಬ್ಬಳಿದ್ದಾಳೆಂದು ವಿಠ್ಠಲವಾಡಿಯಿಂದಲೂ ಬರುತ್ತಿದ್ದರು. ನನಗೆ ಅದರ ಜಂಬವೂ ಇತ್ತು.

ವಿಟಮಿನ್ ಡಿ ಪುಡಿಯ ಪಾಕೀಟು ಚಲಾವಣೆಗೆ ಬಂದಾಗ ಹೊಸ ತಲೆನೋವು ಶುರುವಾಯಿತು. ಒಂದು ಸಣ್ಣ ಪಾಕೀಟಿನಲ್ಲಿ ಅರವತ್ತು ಸಾವಿರ ಯೂನಿಟ್. ವಾರಕ್ಕೆ ಒಂದೇ ಒಂದು, ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಆದರೆ ದಿನ ಬೆಳಗಾದರೆ ಮಾತ್ರೆ ನುಂಗುವ ಅಭ್ಯಾಸದವರಿಗೆ ವಾರಕ್ಕೊಮ್ಮೆ ಎಂಬುದು ನೆನಪಿರುವುದಿಲ್ಲ. ಪಾಳಿಯ ಮೇಲೆ ದುಡಿಯುವವರಿಗೆ ವಾರವೇ ಮರೆತುಹೋಗುತ್ತದೆ. ಆದರೆ ವಾರದ ರಜೆಯನ್ನು ಯಾವ ಕೂಲಿಯವನೂ ಮರೆಯುವುದಿಲ್ಲ. ಒಂದು ಕಾರ್ಖಾನೆಗೆ ಶುಕ್ರವಾರ, ಇನ್ನೊಂದಕ್ಕೆ ಭಾನುವಾರ. ಅವರವರ ರಜೆ ಅವರವರಿಗೆ ಬಾಯಿಪಾಠ. ರಜೆಗೆ ಅವರು ಸೂಟಿ ಎನ್ನುತ್ತಾರೆ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಸೂಟಿ ದಿನ ಊಟ ಆದ ಮೇಲೆ ಹಾಲಿನಾಗ ಹಾಕ್ಕೊಂಡು ಕುಡೀರಿ ಎಂದು ಹೇಳಿ ಕಳಿಸುತ್ತಿದ್ದೆ. ಎಲ್ಲರಿಗೂ ನೆನಪುಳಿಯಿತು. ಸೇಠ್ ಮೆಚ್ಚಿದರು. ಅಕ್ಕಪಕ್ಕದ ಅಂಗಡಿಯ ಫಾರ್ಮಸಿಸ್ಟರೂ ಹಾಗೇ ಹೇಳತೊಡಗಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಶರಣಪ್ಪ ಆಳಂದದ ಕಡೆಯವನು, ನಲವತ್ತೈದರ ಆಸುಪಾಸು. ಶಹಾಡಿನ ಒಂದು ನೂಲಿನ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಹೆಂಡತಿ ಕಾಶಿಬಾಯಿ ಕಲ್ಯಾಣದಲ್ಲಿ ನಾಲ್ಕು ಮನೆಗಳ ಪಾತ್ರೆ ಬಟ್ಟೆ ಮಾಡುತ್ತಿದ್ದಳು. ಇಬ್ಬರಿಗೂ ಮೈಕೈ ನೋವು, ಅವಳಿಗೆ ಮೊಣಕಾಲೂ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಇಬ್ಬರಿಗೂ ಎಂಟೆಂಟು ವಾರಕ್ಕೆ ಈ ಪುಡಿ ಬರೆದರು. ಗಂಡ ಹೆಂಡತಿ ಜೋಡಿಯಾಗಿ ಬಂದು ಒಯ್ದರು. ನಾನು ಇಬ್ಬರಿಗೂ ಒಟ್ಟಿಗೇ ಸೂಟಿ ದಿನದ ಪಾಠ ಹೇಳಿದೆ. ಹಿಂದೆ ಆರು ಜನ ಗಿರಾಕಿಗಳಿದ್ದರು.

ಅದೇ ತಿಂಗಳು ಮಿಲ್ ನಿಂತಿತು. ಗೇಟು ಮತ್ತೆ ತೆರೆಯುತ್ತದೆ, ಆದರೆ ಆಗ ಗಟ್ಟಿಮುಟ್ಟಾದವರನ್ನು ಮಾತ್ರ ಆರಿಸಿ ತೆಗೆದುಕೊಳ್ಳುತ್ತೇವೆ ಎಂದು ಆಳುಗಳ ಮೇಲಿನ ಮುಕಾದಮ ಹೇಳಿದನಂತೆ. ಇದು ನನಗೆ ಆಗ ತಿಳಿದಿರಲಿಲ್ಲ. ಶರಣಪ್ಪ ಅದೇ ಚೀಟಿ ಹಿಡಿದು ಬಂದು ಹತ್ತು ಪಾಕೀಟು ಕೇಳಿದ. ಸಂಜೆಯ ಲೋಕಲ್ ಬಂದು ಅಂಗಡಿಯ ಮುಂದೆ ಜಾತ್ರೆ. ಗುರುತಿನ ಮುಖ, ನಾನೇ ಕೊಟ್ಟ ಔಷಧಿ. ಕೊಟ್ಟೆ. ಮತ್ತೊಂದು ಸಲ ಬಂದಾಗಲೂ ಕೊಟ್ಟೆ. ಎಂಟು ವಾರದ್ದು ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಕೇಳಲು ಒಂದು ನಿಮಿಷ ಸಾಕಾಗಿತ್ತು. ಅಪರಿಚಿತ ಗಿರಾಕಿಯಾಗಿದ್ದರೆ ಖಂಡಿತ ಕೇಳುತ್ತಿದ್ದೆ. ಪರಿಚಯವೇ ಕಣ್ಣಿಗೆ ಮಣ್ಣೆರಚಿತು. ಉಳಿದದ್ದನ್ನು ಅವನು ವಿಠ್ಠಲವಾಡಿಯ ಅಂಗಡಿಗಳಲ್ಲಿ ಒಂದೊಂದು ಕಡೆ ಕೊಂಡನೆಂದು ಆಮೇಲೆ ಗೊತ್ತಾಯಿತು.

ಎರಡು ತಿಂಗಳು ಕಳೆದ ಮೇಲೆ ಕಾಶಿಬಾಯಿ ಬರತೊಡಗಿದಳು. ಮೊದಲು ಗಂಡನಿಗೆ ಮಲಬದ್ಧತೆ ಎಂದಳು. ಹೊಟ್ಟೆ ಸಡಿಲಿಸುವ ಪುಡಿ ಕೊಟ್ಟೆ. ಆಮೇಲೆ ಓಕರಿಕೆ. ಮಾತ್ರೆ ಕೊಟ್ಟೆ. ಮತ್ತೆ ಬಂದು, ಹಗಲೆಲ್ಲ ನೀರು ಕುಡಿಯುತ್ತಾನೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುತ್ತಾನೆ, ಗೋಡೆ ನೋಡುತ್ತ ಕೂರುತ್ತಾನೆ ಎಂದಳು. ಸಕ್ಕರೆ ಕಾಯಿಲೆ ಇರಬೇಕೆಂದು ಕರೆಸಿ ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಸರಿಯಾಗಿತ್ತು. ಬೇರೆ ಔಷಧಿ ಏನಾದರೂ ಎಂದು ಕೇಳಿದೆ. ಇಲ್ರಿ ಎಂದಳು. ವಸಂತಿಯಿಂದ ಕಲಿತ ಪಾಠ ಬೇಕಾದ ಹೊತ್ತಿಗೆ ಬಾಯಿಗೆ ಬರಲಿಲ್ಲ. ಒಂದೇ ಕಾಯಿಲೆಯ ತುಂಡುಗಳನ್ನು ಮೂರು ಸಲ ಬೇರೆ ಬೇರೆಯಾಗಿ ನೋಡಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೆಯ ಸಲ ಅವಳು ಅವನನ್ನು ಕೈಹಿಡಿದು ಕರೆತಂದಳು. ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿ ಇತ್ತು. ಶರಣಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. ಬಾಯಿ ಒಣಗಿತ್ತು. ಹೆಸರು ಹಿಡಿದು ಕೂಗಿದರೆ ತಡವಾಗಿ ತಿರುಗುತ್ತಿದ್ದ. ತಲೆಗೇನಾದರೂ ಆಗಿದೆಯೇ ಎಂದು ನೋಡಲು ಇವತ್ತು ಯಾವ ವಾರ ಎಂದು ಕೇಳಿದೆ.

"ಸೂಟಿ ಅದರೀ," ಎಂದ.

ವಾರ ಯಾವುದು ಎಂದು ಮತ್ತೆ ಕೇಳಿದೆ.

"ಮಿಲ್ ಬಂದಾದಾಗಿಂದ ದಿನಾ ಸೂಟೀನೇ ಅದಲ್ರೀ ಅಕ್ಕೋರೆ. ನೀವು ಹೇಳಿದಂಗ ದಿನಾ ಹಾಲಿನಾಗ ಹಾಕ್ಕೊಂಡು ಕುಡಿಲತ್ತೀನಿ. ಗೇಟ್ ತೆರದಾಗ ಮೈಯಾಗ ತಾಕತ್ ಇರಬೇಕಲ್ರಿ."

ಬಿ ಗುಂಪಿನ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಸೇರಿ ಕೂಡುತ್ತಲೇ ಇರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮಲಬದ್ಧತೆ, ಓಕರಿಕೆ, ಬಾಯಾರಿಕೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೇ ಕುತ್ತು. ಪುಸ್ತಕದಲ್ಲಿ ನಾನು ಓದಿದ್ದ ಸಾಲುಗಳೆಲ್ಲ ಸಾಲಾಗಿ ಬಂದು ಮೆಟ್ಟಿಲ ಮೇಲೆ ಕೂತಿದ್ದವು. ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳೂ ನಾನೇ.

ಸೇಠ್‌ಗೆ ಹೇಳಿ ರಿಕ್ಷಾ ತರಿಸಿ ಇಬ್ಬರನ್ನೂ ಕಲ್ಯಾಣದ ಒಂದು ಆಸ್ಪತ್ರೆಗೆ ಕರೆದೊಯ್ದೆ. ರಕ್ತದ ರಿಪೋರ್ಟು ನೋಡಿದ ಚಿಕ್ಕ ವಯಸ್ಸಿನ ಡಾಕ್ಟರು ತಕ್ಷಣ ಸಲೈನ್ ಏರಿಸಿದರು. ಕ್ಯಾಲ್ಸಿಯಂ ಬಹಳ ಮೇಲಿದೆ, ಕಿಡ್ನಿ ಸೋಲುತ್ತಿದೆ, ಎರಡು ದಿನ ಏನೂ ಹೇಳಲಾಗದು ಎಂದರು. ಕಾಶಿಬಾಯಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಬದುಕ್ತಾನಲ್ರಿ ಎಂದು ಅವಳು ಕೇಳಿದಳು. ನಾನು ಹೂಂ ಎಂದೆ. ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಅವನ ಮಂಕು ಇಳಿದು ಜನರ ಗುರುತು ಹಿಡಿಯತೊಡಗಿದ. ಅಂದು ಸಂಜೆ ನಾನು ಹಾಸಿಗೆಯ ಪಕ್ಕ ನಿಂತಿದ್ದಾಗ ಡಾಕ್ಟರು ಬಂದು ಶರಣಪ್ಪನನ್ನು ಗದರಿದರು.

"ರೋಜ್ ಲೇನೇ ಕೋ ಕಿಸ್ನೇ ಬೋಲಾ ಥಾ?"

ದಿನಾ ತೆಗೆದುಕೊಳ್ಳಲು ಹೇಳಿದವರು ಯಾರು? ಶರಣಪ್ಪ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿದ.

"ಕಿಸೀನೇ ನಹೀ ಸಾಹೇಬ್. ಮೇರೀಚ್ ಗಲ್ತಿ ಹೈ."

ಯಾರೂ ಹೇಳಿಲ್ಲ, ನನ್ನದೇ ತಪ್ಪು ಎಂದ. ಡಾಕ್ಟರು ಈ ಅನಪಢ, ಓದುಬರಹ ಬಾರದ ಜನ ಎಂದು ಏನೋ ಗೊಣಗಿ ಮುಂದಿನ ಹಾಸಿಗೆಗೆ ಹೋದರು. ನನಗೆ ಬಾಯಿ ಬಿಡಲಾಗಲಿಲ್ಲ. ಪದವಿ ಚೌಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದ್ದವಳು ನಾನು, ಬೈಸಿಕೊಂಡವನು ಅವನು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ, ಸೂಟಿ ದಿನ ಎಂದದ್ದಲ್ಲ, ಆ ಹಾಸಿಗೆಯ ಪಕ್ಕ ಸುಮ್ಮನೆ ನಿಂತದ್ದು ಎನ್ನುತ್ತೇನೆ.

ಅವನು ಬದುಕಿದ. ಕಿಡ್ನಿಯೂ ನಿಧಾನಕ್ಕೆ ಬಹುಪಾಲು ಚೇತರಿಸಿತು. ಆದರೆ ಅವನು ವಾರ್ಡಿನಲ್ಲಿರುವಾಗಲೇ ಮಿಲ್ಲಿನ ಗೇಟು ತೆರೆಯಿತು. ಮುಕಾದಮ ಎಣಿಸಿ ಆಳು ತೆಗೆದುಕೊಂಡ, ಶರಣಪ್ಪ ಅದರಲ್ಲಿ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಯಾವ ದಿನಕ್ಕಾಗಿ ಅವನು ಆ ಪುಡಿ ಕುಡಿದನೋ ಆ ದಿನ ಅವನ ಕೈಯಲ್ಲಿ ಸಲೈನ್ ಸೂಜಿ ಇತ್ತು.

ನಾನು ಸೇಠ್‌ಗೆ ಎಲ್ಲ ಹೇಳಿದೆ. ಇದನ್ನು ಹೊರಗೆ ಆಡಬೇಡಿ, ಅಂಗಡಿಯ ಹೆಸರು ಕೆಡುತ್ತದೆ ಎಂದರು. ಆದರೆ ಮರುದಿನ ಅವರೇ ಪಾಕೀಟುಗಳನ್ನು ಎದುರಿನ ಸಾಲಿನಿಂದ ಒಳಗಿನ ಕಪಾಟಿಗೆ ಸೇರಿಸಿದ್ದರು. ಆಸ್ಪತ್ರೆಯ ಆ ಡಾಕ್ಟರಿಗೆ ಮಾತ್ರ ನಾನು ಹೋಗಿ ನಿಜ ಹೇಳಿದೆ. ಅವರು ಕೆಂಪಗಾದರು, ನನ್ನನ್ನು ಬೈಯಲಿಲ್ಲ. ತಾವೂ ಚೀಟಿಯಲ್ಲಿ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವುದುಂಟಲ್ಲ ಎಂದರು. ನಾನು ಒಮ್ಮೆಗೆ ನಾಲ್ಕು ಪಾಕೀಟಿಗಿಂತ ಹೆಚ್ಚು ಕೊಡುವುದನ್ನು ಬಿಟ್ಟೆ. ಹಳೆಯ ಚೀಟಿ ತಂದರೆ ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದೆ. ಹೇಗೆ ಕುಡಿಯುತ್ತೀರಿ ಎಂದು ಅವರ ಬಾಯಲ್ಲೇ ತಿರುಗಿ ಹೇಳಿಸಿದೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು, ಹೋಗಲಿ ಎಂದುಕೊಂಡೆ.

ಶರಣಪ್ಪನ ಎದುರು ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಮೂರು ಶುಕ್ರವಾರ, ನನ್ನ ರಜೆಯ ದಿನ, ಹೊರಟು ಹೊರಟು ನಿಂತೆ. ನಾಲ್ಕನೆಯ ಶುಕ್ರವಾರ ಸ್ಟೇಷನ್ನಿನ ಹಿಂದೆ ಚಾಳಿನ ಸಾಲಿನಲ್ಲಿದ್ದ ಅವರ ಮನೆಗೆ ಹೋದೆ. ಒಂದೇ ಕೋಣೆ. ಶರಣಪ್ಪ ಗೋಡೆಗೊರಗಿ ಕೂತಿದ್ದ. ಒಂದು ಕಟ್ಟಡದಲ್ಲಿ ಕಾವಲಿನ ಕೆಲಸ ಸಿಕ್ಕಿದೆ, ಮೂಟೆ ಇನ್ನು ಆಗುವುದಿಲ್ಲ ಎಂದ. ನಾನು ನೆಲದ ಮೇಲೆ ಕೂತು, ತಪ್ಪು ನಿಮ್ಮದಲ್ಲ ಶರಣಪ್ಪ, ನನ್ನದು, ಅಂದು ಡಾಕ್ಟರ ಮುಂದೆ ನಾನು ಹೇಳಬೇಕಾಗಿತ್ತು ಎಂದೆ. ಹೇಳುತ್ತ ಅತ್ತುಬಿಟ್ಟೆ. ಅವನಿಗೆ ಮುಜುಗರವಾಯಿತು. ದಿನಾ ಕುಡಿ ಎಂದು ನೀವು ಹೇಳಲಿಲ್ಲವಲ್ಲ, ಆಸೆ ನನ್ನದು ಎಂದ. ಅವನು ದೊಡ್ಡ ಮನಸ್ಸಿನವನು. ನನಗೆ ಹಗುರವಾಯಿತು. ಕ್ಷಮೆ ಸಿಕ್ಕಿತು, ಇನ್ನು ಏಳೋಣ ಎಂದುಕೊಂಡೆ.

ಕಾಶಿಬಾಯಿ ಅಲ್ಲಿಯೇ ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಮೂರನೆಯ ಮನೆಯ ಕೆಲಸ ಮುಗಿಸಿ ಬಂದು ನಾಲ್ಕನೆಯದಕ್ಕೆ ಹೊರಟವಳು. ಜೋಳದ ಹಿಟ್ಟಿನ ಡಬ್ಬದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಮುಂದೆ ನೆಲದ ಮೇಲೆ ಸುರಿದಳು. ಎಂಟು ಪಾಕೀಟುಗಳು. ಒಂದನ್ನೂ ಹರಿದಿರಲಿಲ್ಲ.

ನಾನು ಅವಳ ಮುಖ ನೋಡಿದೆ.

"ನನಗೂ ಹಂಗೇ ಹೇಳಿದ್ರಲ್ರೀ, ಸೂಟಿ ದಿನ ಕುಡಿ ಅಂತ," ಎಂದಳು. "ನಾಲ್ಕು ಮನಿ ಕೆಲಸ. ಒಬ್ಬರ ಮನ್ಯಾಗೂ ಸೂಟಿ ಕೊಡಂಗಿಲ್ಲ. ಬಂದಾಗ ಕುಡಿಯೋಣ ಅಂತ ಎತ್ತಿಟ್ಟೀನಿ."

ಮೊಣಕಾಲು ಈಗಲೂ ನೋಯುತ್ತದೆಯೇ ಎಂದು ಕೇಳಿದೆ. ನೋಯುತ್ತದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೇನೆ ಎಂದಳು. ಆ ಎಲ್ಲ ತಿಂಗಳು ಅವಳು ಗಂಡನಿಗಾಗಿ ನನ್ನ ಕೌಂಟರಿಗೆ ಬಂದು ಹೋಗಿದ್ದಳು. ಅವಳ ಪುಡಿ ಏನಾಯಿತು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಪಾಕೀಟಿನ ಅವಧಿ ನೋಡಿದೆ, ಇನ್ನೂ ಇತ್ತು. ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ ಅವರು ಹೂಂ ಎಂದ ಮೇಲೆ ಶುರು ಮಾಡು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಯಾವ ದಿನ ಕುಡಿಯುತ್ತೀ ಎಂದು ಕೇಳಿದೆ.

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸದವಳ ಅವಸರ ಇತ್ತು.

"ಮೊದಲೇ ಸೋಮವಾರ ಅಂದಿದ್ರ ಆಗ್ತಿತ್ತಲ್ರಿ ಅಕ್ಕೋರೆ. ಸೋಮವಾರ ಎಲ್ಲರಿಗೂ ಬರ್ತದ."